ಒಂದೇ ಕಾಂಜಿ, ಓದು ಮಾತ್ರ ಹಲವು

ಜಪಾನಿಯಲ್ಲಿ ಬ್ಯಾಂಕಿಗೆ ಗಿಂಕೋ ಅನ್ನುತ್ತಾರೆ. ಸಾಧನೆ, ತಪಸ್ಸಿಗೆ ಶುಗ್ಯೋ. ಕಾಗದ ಹೊದಿಸಿದ ಹಳೇ ಕಾಲದ ದೀಪಕ್ಕೆ ಅಂದೊನ್. 'ಹೋಗು' ಅನ್ನಲು ಇಕು. ಈ ನಾಲ್ಕರಲ್ಲೂ ಇರುವುದು ಒಂದೇ ಕಾಂಜಿ, ಅಂದರೆ ಚೀನಾದಿಂದ ಬಂದ ಒಂದೇ ಅಕ್ಷರ! ಒಂದು ಕಡೆ ಅದು ಕೋ, ಇನ್ನೊಂದು ಕಡೆ ಗ್ಯೋ, ಮತ್ತೊಂದು ಕಡೆ ಅನ್. ಇಕು ಪದದಲ್ಲಿ ಬರೀ ಇ.

ಜಪಾನಿಗೆ ಮೊದಲು ಸ್ವಂತ ಲಿಪಿ ಇರಲಿಲ್ಲ. ಸುಮಾರು 5ನೇ ಶತಮಾನದ ಹೊತ್ತಿಗೆ ಕೊರಿಯಾದ ಮೂಲಕ ಚೀನೀ ಅಕ್ಷರಗಳು ಬಂದು ನೆಲೆಯೂರಿದವು. ಚೀನೀ ಪದವನ್ನು ಉಚ್ಚಾರದ ಸಮೇತ ತೆಗೆದುಕೊಂಡರೆ ಅದು ಒನ್‌ಯೊಮಿ. ಅದೇ ಅಕ್ಷರಕ್ಕೆ ತಮ್ಮದೇ ಪದ ಹೊಂದಿಸಿದರೆ ಕುನ್‌ಯೊಮಿ. 2 ಅಂತ ಬರೆದರೆ ನಾವು ಎರಡು ಅಂತೀವಿ, ಹಿಂದಿಯವರು ದೋ ಅಂತಾರೆ ಅಲ್ವಾ, ಹಾಗೆ. ಇದು ಸುಲಭವೇನೂ ಆಗಿರಲಿಲ್ಲ. 712ರಲ್ಲಿ ಕೊಜಿಕಿ ಎಂಬ ಪುರಾಣ-ಇತಿಹಾಸದ ಗ್ರಂಥ ಬರೆದ ಓ ನೊ ಯಸುಮರೊ ಮುನ್ನುಡಿಯಲ್ಲೇ ಈ ಕಷ್ಟ ಹೇಳಿಕೊಂಡಿದ್ದಾನೆ. ಅಕ್ಷರವನ್ನು ಬರೀ ಅರ್ಥಕ್ಕೆ ಬಳಸಿದರೆ ಭಾವ ಪೂರ್ತಿ ಮುಟ್ಟದು, ಬರೀ ಉಚ್ಚಾರಕ್ಕೆ ಬಳಸಿದರೆ ಬರಹ ತೀರಾ ಉದ್ದವಾಗುತ್ತದೆ. ಅದಕ್ಕೆ ಅವನು ಎರಡನ್ನೂ ಬೆರೆಸಿದ.

ಒನ್‌ಯೊಮಿಯಲ್ಲೇ ಹಲವು ಬಗೆ ಯಾಕೆ? ಚೀನಾದಿಂದ ಪದಗಳು ಒಂದೇ ಸಲ ಬರಲಿಲ್ಲ. ಮೊದಲು ಬಂದದ್ದು ದಕ್ಷಿಣ ಚೀನಾದ ಉಚ್ಚಾರ. ಅದು ಬೌದ್ಧ ಧರ್ಮದ ಪದಗಳಲ್ಲಿ ಗಟ್ಟಿಯಾಗಿ ಉಳಿಯಿತು. ಶುಗ್ಯೋ ಆ ಕಾಲದ್ದು. ಆಮೇಲೆ 7ರಿಂದ 9ನೇ ಶತಮಾನದವರೆಗೆ ಜಪಾನಿನ ರಾಯಭಾರಿಗಳು, ವಿದ್ಯಾರ್ಥಿಗಳು ತಾಂಗ್ ದೊರೆಗಳ ರಾಜಧಾನಿ ಚಾಂಗಾನ್‌ಗೆ ಹೋಗಿ ಅಲ್ಲಿನ ಮಾತು ತಂದರು. ಅರಮನೆಗೆ ಇದೇ ಸರಿಯಾದ ಉಚ್ಚಾರ ಅನ್ನಿಸಿತು. ಕೋ ಎಂಬ ಓದು ಈ ಪದರದ್ದು. 19ನೇ ಶತಮಾನದಲ್ಲಿ ಬ್ಯಾಂಕಿಗೆ ಹೊಸ ಪದ ಬೇಕಾದಾಗಲೂ ಬಳಸಿದ್ದು ಅದನ್ನೇ. ಅಂದೊನ್‌ನ ಅನ್ ಇನ್ನೂ ತಡವಾಗಿ, ಝೆನ್ ಸನ್ಯಾಸಿಗಳು ಮತ್ತು ವ್ಯಾಪಾರಿಗಳ ಓಡಾಟದಿಂದ ಬಂದ ಪದರ.

ಹೊಸದು ಬಂತೆಂದು ಹಳೆಯದನ್ನು ಯಾರೂ ಬಿಡಲಿಲ್ಲ. ಉಚ್ಚಾರ ಅಂಟಿಕೊಂಡದ್ದು ಅಕ್ಷರಕ್ಕಲ್ಲ, ಪದಕ್ಕೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ. ಜಪಾನಿ ಕಲಿಯುವವರು ಸುಮ್ನೆ ಓದುಗಳ ಪಟ್ಟಿ ಉರು ಹೊಡೆಯುವ ಬದಲು ಪದಗಳನ್ನೇ ಕಲಿತರೆ ಒಳ್ಳೆಯದು. ಎರಡು ಕಾಂಜಿ ಜೋಡಿಯಾಗಿದ್ದರೆ ಸಾಮಾನ್ಯವಾಗಿ ಒನ್, ಪಕ್ಕದಲ್ಲಿ ಹಿರಗಾನ (ಉಚ್ಚಾರವನ್ನಷ್ಟೇ ತೋರಿಸುವ ಜಪಾನಿ ಲಿಪಿ) ಬಾಲ ಇದ್ದರೆ ಹೆಚ್ಚಾಗಿ ಕುನ್.

ಜನರ ಹೆಸರಿಗೆ ಮಾತ್ರ ಈ ಲೆಕ್ಕ ಸಾಲದು. ಒಂದೇ ರೀತಿ ಬರೆದ ಹೆಸರು ಒಬ್ಬಳಿಗೆ ಸಚಿಕೊ, ಇನ್ನೊಬ್ಬಳಿಗೆ ಯುಕಿಕೊ ಆಗಬಹುದು. ಜಪಾನೀಯರೂ ಕೇಳಿಯೇ ತಿಳಿಯಬೇಕು. ಹಾಗಾಗಿ 2025ರ ಮೇ ತಿಂಗಳಿಂದ ಅಲ್ಲಿನ ಕುಟುಂಬ ನೋಂದಣಿಯಲ್ಲಿ ಹೆಸರಿನ ಜೊತೆ ಅದರ ಉಚ್ಚಾರವನ್ನೂ ದಾಖಲಿಸುವ ಕಾನೂನು ಜಾರಿಗೆ ಬಂದಿದೆ.