ಓದುಗರ ಪ್ರಶ್ನೆ: ‘ಟೀಚರ್ ಇಲ್ಲ, ಮಗು ಮನೆಯಲ್ಲೇ ಇರಲಿ’ ಎಂದರೆ ಯಾರಿಗೆ ದೂರು ಕೊಡಬೇಕು?

ಪ್ರಶ್ನೆ: ಮಗನಿಗೆ 8 ವರ್ಷ. ಬೌದ್ಧಿಕ ಅಂಗವೈಕಲ್ಯ ಶೇ 50 ಎಂದು ಪ್ರಮಾಣಪತ್ರವಿದೆ. ಊರಿನ ಸರ್ಕಾರಿ ಶಾಲೆಯಲ್ಲಿ ಹೆಸರೂ ಇದೆ. ಆದರೆ ‘ನೋಡಿಕೊಳ್ಳಲು ನಮ್ಮಲ್ಲಿ ಯಾರೂ ಇಲ್ಲ, ಮನೆಯಲ್ಲೇ ಇರಲಿ, ಹಾಜರಿ ನಾವು ನೋಡಿಕೊಳ್ಳುತ್ತೇವೆ’ ಅನ್ನುತ್ತಾರೆ. ಯಾರ ಬಳಿ ಹೋಗಬೇಕು?

ಉತ್ತರ: ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಬರಹದಲ್ಲಿ. ಆದರೆ ಹೋಗುವ ಮುನ್ನ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಮಗು ಮನೆಯಲ್ಲಿ ಕಲಿಯಬೇಕೋ ಶಾಲೆಯಲ್ಲೋ ಎಂದು ತೀರ್ಮಾನಿಸುವ ಅಧಿಕಾರ ಮುಖ್ಯ ಶಿಕ್ಷಕರಿಗೆ ಇಲ್ಲ.

ಮನೆ ಆಧಾರಿತ ಶಿಕ್ಷಣ ಎಂಬ ಸೌಲಭ್ಯ ನಿಜವಾಗಿಯೂ ಇದೆ. 2012ರ ತಿದ್ದುಪಡಿಯಲ್ಲಿ ಅದು ಶಿಕ್ಷಣ ಹಕ್ಕು ಕಾಯ್ದೆಯ 3ನೇ ಸೆಕ್ಷನ್‌ಗೆ ಸೇರಿತು. ಆದರೆ ಅದು ತೀವ್ರ ವೈಕಲ್ಯ (ಶೇ 80 ಮತ್ತು ಮೇಲ್ಪಟ್ಟು) ಅಥವಾ ಬಹುವಿಧ ವೈಕಲ್ಯ ಇರುವ ಮಗು ತಾನಾಗಿ ಕೇಳಿ ಪಡೆಯಬಹುದಾದ ಹಕ್ಕು. ಶಾಲೆ ಮಗುವಿನ ಮೇಲೆ ಹೇರುವಂಥದ್ದಲ್ಲ. ನಿಮ್ಮ ಮಗನಿಗೆ ಇರುವುದು ಒಂದೇ ವೈಕಲ್ಯ, ಅದೂ ಶೇ 50. ಹಾಗಾಗಿ ಆ ಅವಕಾಶ ಅವನಿಗೆ ಅನ್ವಯಿಸುವುದೇ ಇಲ್ಲ. ಇನ್ನು ಬಾರದ ಮಗುವಿಗೆ ಹಾಜರಿ ಹಾಕುವುದು ಸೌಲಭ್ಯವೂ ಅಲ್ಲ, ಶಿಕ್ಷಣವೂ ಅಲ್ಲ. ಅದು ಸುಳ್ಳು ದಾಖಲೆ. ಮುಂದೆ ನೀವು ದೂರಿಗೆ ಹೋದಾಗ ‘ಮಗು ದಿನಾ ಬರುತ್ತಿದೆಯಲ್ಲ’ ಎಂದು ನಿಮಗೇ ತೋರಿಸುವ ಕಾಗದವೂ ಅದೇ.

ಪ್ರಮಾಣಪತ್ರದ ಬಗ್ಗೆಯೂ ಒಂದು ಗೊಂದಲವಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್ ಪ್ರಕಾರ ಸರ್ಕಾರಿ ಶಾಲೆ, ಅನುದಾನಿತ ಶಾಲೆ ಯಾವುದೇ ಇರಲಿ, ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು, ಕಲಿಕೆಯ ಪ್ರಗತಿ ಗಮನಿಸಬೇಕು. ಇದಕ್ಕೆ ಶೇಕಡಾವಾರು ಮಿತಿ ಇಲ್ಲ. ಕನಿಷ್ಠ ಶೇ 40 ಇರಬೇಕೆಂಬ ಮಿತಿ ಬರುವುದು 31ನೇ ಸೆಕ್ಷನ್‌ನಲ್ಲಿ: 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ. ಉಚಿತ ಪುಸ್ತಕ, ಸಾಧನ, ಸಲಕರಣೆಗೂ ಅದೇ ಮಿತಿ. ನಿಮಗೆ ಎರಡೂ ಸಿಗುತ್ತವೆ. ಆದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇನ್ನೂ ಬಾರದ ಮಗುವನ್ನು ‘ಕಾರ್ಡ್ ತನ್ನಿ, ಆಮೇಲೆ ನೋಡೋಣ’ ಎಂದು ವಾಪಸ್ ಕಳಿಸುವುದೂ ತಪ್ಪೇ.

‘ಟೀಚರ್ ಇಲ್ಲ’ ಎಂಬ ಮಾತು ಬಹಳ ಕಡೆ ನಿಜ. ಶಾಲೆಗೊಬ್ಬ ವಿಶೇಷ ಶಿಕ್ಷಕರು ಇರುವುದಿಲ್ಲ. ಕೆಲಸ ಮಾಡುವವರು ತಾಲ್ಲೂಕು ಮಟ್ಟದ ಬಿಐಇಆರ್‌ಟಿಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಅವರು ಕೂರುವುದು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಮತ್ತು ಶಾಲೆಯಿಂದ ಶಾಲೆಗೆ ತಿರುಗುತ್ತಾರೆ. ವಿಶೇಷ ಶಿಕ್ಷಕರು ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹುದ್ದೆ ಖಾಲಿ ಇರುವುದು ಸರ್ಕಾರದ ತಲೆನೋವು, ಅದಕ್ಕಾಗಿ ಮಗು ಹೊರಗಿರಬೇಕಾಗಿಲ್ಲ.

ಆದ್ದರಿಂದ ಮೊದಲು ಬಿಆರ್‌ಸಿಗೆ ಹೋಗಿ ಬಿಐಇಆರ್‌ಟಿಯನ್ನು ಭೇಟಿಯಾಗಿ. ಎರಡು ಪ್ರಶ್ನೆ ಸಾಕು: ಸ್ಯಾಟ್ಸ್‌ನಲ್ಲಿ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ) ನಮ್ಮ ಮಗ ವಿಶೇಷ ಅಗತ್ಯವುಳ್ಳ ಮಗು ಎಂದು ದಾಖಲಾಗಿದ್ದಾನೆಯೇ? ಅವನಿಗೆ ವೈಯಕ್ತಿಕ ಶಿಕ್ಷಣ ಯೋಜನೆ ಬರೆದಿದ್ದೀರಾ? ಬಹಳಷ್ಟು ಸಮಸ್ಯೆಗಳ ಮೂಲ ಮೊದಲನೆಯದರಲ್ಲೇ ಸಿಗುತ್ತದೆ. ಪ್ರಮಾಣಪತ್ರ ಅಪ್ಪ–ಅಮ್ಮನ ಟ್ರಂಕಿನಲ್ಲಿರುತ್ತದೆ, ಶಾಲೆಯ ಕಂಪ್ಯೂಟರಿಗೆ ಹೋಗಿರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಮಗುವಿಗೆ ವೈದ್ಯಕೀಯ ತಪಾಸಣಾ ಶಿಬಿರದ ಸುದ್ದಿ ಬರುವುದಿಲ್ಲ. ಶಿಬಿರಕ್ಕೆ ಹೋಗದಿದ್ದರೆ ಸಾಧನ, ಸಲಕರಣೆ ಬರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂ.ವರೆಗೆ ಅನುದಾನವಿದೆ ಎಂದು ಕೇಳಿ ಕೆಲವರು ಹಣ ಕೊಡಿ ಎಂದು ಜಗಳಕ್ಕೆ ನಿಲ್ಲುತ್ತಾರೆ. ಅದು ಕೈಗೆ ಕೊಡುವ ಹಣವಲ್ಲ, ಸಾಧನ, ಥೆರಪಿ, ಕಲಿಕಾ ಸಾಮಗ್ರಿಗಳ ಲೆಕ್ಕ. ನೇರವಾಗಿ ಖಾತೆಗೆ ಬರುವುದು ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳ ಸ್ಟೈಪೆಂಡ್: ತಿಂಗಳಿಗೆ 200 ರೂ., ವರ್ಷಕ್ಕೆ 10 ತಿಂಗಳು.

ಇಷ್ಟರಲ್ಲೇ ಅರ್ಧ ಪ್ರಕರಣಗಳು ಮುಗಿಯಬೇಕು. ಮುಗಿಯದಿದ್ದರೆ ಬಿಇಒಗೆ ಅರ್ಜಿ. ಉದ್ದ ಬೇಡ, ಶಿಕ್ಷಕರ ಮೇಲಿನ ಸಿಟ್ಟು ಬೇಡ. ಇಷ್ಟು ಬರೆದರೆ ಸಾಕು:

‘ನಮ್ಮ ಮಗ ತಮ್ಮ ವ್ಯಾಪ್ತಿಯ ______ ಶಾಲೆಯ 3ನೇ ತರಗತಿಯಲ್ಲಿ ದಾಖಲಾಗಿದ್ದಾನೆ. ______ ದಿನಾಂಕದಿಂದ ಅವನನ್ನು ತರಗತಿಗೆ ಸೇರಿಸಿಕೊಳ್ಳುತ್ತಿಲ್ಲ. ನಾವು ಮನೆ ಆಧಾರಿತ ಶಿಕ್ಷಣ ಕೋರಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 16 ಮತ್ತು 31ರಂತೆ ತಕ್ಷಣ ತರಗತಿಗೆ ಸೇರಿಸಿಕೊಳ್ಳಲು, ವೈಯಕ್ತಿಕ ಶಿಕ್ಷಣ ಯೋಜನೆ ತಯಾರಿಸಲು ಮತ್ತು ಬಿಐಇಆರ್‌ಟಿ ಭೇಟಿಯ ದಿನ ತಿಳಿಸಲು ಕೋರುತ್ತೇವೆ. ಸಾಧ್ಯವಿಲ್ಲವಾದಲ್ಲಿ ಕಾರಣ ನಮೂದಿಸಿ ಹಿಂಬರಹ ನೀಡಬೇಕು.’

ಕೊನೆಯ ವಾಕ್ಯ ಬಿಡಲೇಬೇಡಿ. ಬಾಯಿಮಾತಿನ ‘ಆಗಲ್ಲ’ ಮೇಲೆ ಯಾವ ಮೇಲ್ಮನವಿಯೂ ನಿಲ್ಲುವುದಿಲ್ಲ. ಹಿಂಬರಹದ, ಅಂದರೆ ಕಚೇರಿ ಬರಹದಲ್ಲಿ ಕೊಡುವ ಉತ್ತರದ ಮೇಲೆ ನಿಲ್ಲುತ್ತದೆ. ಅದಕ್ಕೇ ಕಚೇರಿಗಳು ಹಿಂಬರಹ ಕೊಡಲು ಹಿಂಜರಿಯುತ್ತವೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ದಿನಾಂಕ, ಟಪಾಲು ಸಂಖ್ಯೆ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ದೂರು ಕೇಳುವ ಕೆಲಸವನ್ನು ‘ಸ್ಥಳೀಯ ಪ್ರಾಧಿಕಾರ’ಕ್ಕೆ ವಹಿಸಿ ಮೂರು ತಿಂಗಳ ಗಡುವು ಇಟ್ಟಿದೆ. ಹೀಗಾಗಿ ಪಂಚಾಯಿತಿಗೋ ನಗರಸಭೆಗೋ ಒಂದು ಪ್ರತಿ ಕೊಟ್ಟಿರಿ. ‘ನಮಗೆ ಬರುವುದಿಲ್ಲ’ ಎಂಬ ಮಾತಿಗೆ ಜಾಗವೇ ಇರಬಾರದು. ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರಿಗೂ (ಡಿಡಿಪಿಐ) ಒಂದು ಪ್ರತಿ ಇರಲಿ.

ಉತ್ತರ ಬಾರದೆ ಅರ್ಜಿ ಎಲ್ಲಿ ಕುಳಿತಿದೆ ಎಂದು ತಿಳಿಯದಿದ್ದರೆ ಆರ್‌ಟಿಐ ಹಾಕಿ. ಶುಲ್ಕ 10 ರೂ., ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಹಾಜರಿ ಪುಸ್ತಕದ ನಕಲು ಒಂದರಲ್ಲಿ, ಅರ್ಜಿಯ ಮೇಲೆ ಕೈಗೊಂಡ ಕ್ರಮ ಇನ್ನೊಂದರಲ್ಲಿ ಕೇಳಿ. ಎರಡನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು.

ಮೇಲಕ್ಕೆ ಹೋಗಲು ಎರಡು ದಾರಿ. 32ನೇ ಸೆಕ್ಷನ್ ದೂರಿಗೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಇನ್ನೊಂದು, 2016ರ ಕಾಯ್ದೆಯಡಿ ನೇಮಕಗೊಂಡ ರಾಜ್ಯ ಆಯುಕ್ತರು. ಅಂಗವೈಕಲ್ಯವೇ ಕಾರಣವಾಗಿ ಹೊರಗಿಟ್ಟ ಪ್ರಕರಣಕ್ಕೆ ನಮ್ಮ ಮಟ್ಟಿಗೆ ಎರಡನೆಯದೇ ಸೂಕ್ತ. ಅಧಿಕಾರಿಗಳನ್ನು ಕರೆಸುವುದು, ದಾಖಲೆ ತರಿಸುವುದು ಮುಂತಾದ ವಿಷಯಗಳಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಕೊನೆಗೆ ಅವರು ಕೊಡುವುದು ಶಿಫಾರಸು, ತೀರ್ಪಲ್ಲ. ಅದನ್ನು ಕೇಳಿ ನಿರಾಶರಾಗಬೇಡಿ. ಶಿಫಾರಸಿನ ಮೇಲೆ ಇಲಾಖೆ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು. ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ನಿಮಗೂ ತಿಳಿಸಬೇಕು ಎಂದು 81ನೇ ಸೆಕ್ಷನ್ ಹೇಳುತ್ತದೆ. ಆ ಕಾರಣದ ಕಾಗದ ಹಿಡಿದು ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ರಿಟ್ ಹಾಕಬಹುದು. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಮಕ್ಕಳಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಇನ್ನೊಂದು ಎಚ್ಚರಿಕೆ. ‘ನಮ್ಮ ಸ್ವಇಚ್ಛೆಯಿಂದ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ’ ಎಂದು ಬರೆದುಕೊಡಲು ಅಥವಾ ಟಿಸಿ ಕೇಳಿ ಅರ್ಜಿ ಕೊಡಲು ಹೇಳಿದರೆ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ, ‘ದಿನಾಂಕ ______ರ ಪತ್ರವನ್ನು ಹಿಂಪಡೆಯುತ್ತಿದ್ದೇವೆ’ ಎಂಬ ಒಂದು ಸಾಲಿನ ಪತ್ರವನ್ನು ಮೊದಲು ಮುಖ್ಯ ಶಿಕ್ಷಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಿಇಒಗೆ ಕೊಡುವ ಅರ್ಜಿಗೆ ಅದರ ನಕಲನ್ನೂ ಲಗತ್ತಿಸಿ.