ಹಿಂದಿನ ಗಾಜಿನ ಕೂಲಿಂಗ್ ಪೇಪರ್ ಬ್ಲೇಡಿನಲ್ಲಿ ಕೆರೆಯಬಹುದಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೀನಿ. ಗಾಜಿನ ಕೂಲಿಂಗ್ ಪೇಪರ್ ನೇರಳೆ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿದೆ. ರಾತ್ರಿ ಹಿಂದಿನ ಗಾಡಿಗಳೇ ಸರಿಯಾಗಿ ಕಾಣಲ್ಲ. ಮನೆಯಲ್ಲೇ ಬ್ಲೇಡಿನಲ್ಲಿ ಕೆರೆದುಬಿಡಲಾ?
– ಓದುಗರೊಬ್ಬರು, ಕ್ಯಾತ್ಸಂದ್ರ, ತುಮಕೂರು

ಪಕ್ಕದ ಕಿಟಕಿಗಳಿಗಾದರೆ ಬ್ಲೇಡ್ ನಡೆಯುತ್ತದೆ. ಹಿಂದಿನ ಗಾಜಿಗೆ ಮಾತ್ರ ಮುಟ್ಟಿಸಲೇಬೇಡಿ.

ಹಿಂದಿನ ಗಾಜನ್ನು ಕಾರಿನ ಒಳಗಿನಿಂದ ನೋಡಿ. ಅಡ್ಡಡ್ಡವಾಗಿ ತೆಳು ಗೆರೆಗಳಿದ್ದರೆ ಅದು ಡಿಫಾಗರ್. ಅದರಲ್ಲಿ ಕರೆಂಟ್ ಹರಿದು ಗಾಜು ಬೆಚ್ಚಗಾದರೆ ಕವಿದ ಮಂಜು ಹೋಗುತ್ತದೆ. ಗೆರೆಗಳು ಗಾಜಿನ ಒಳಮೈ ಮೇಲೆ ಪ್ರಿಂಟ್ ಆಗಿರುತ್ತವೆ, ಪೇಪರ್ ಅಂಟಿರುವುದೂ ಅದರ ಮೇಲೆಯೇ. ಒಂದೇ ಒಂದು ಕಡೆ ಕತ್ತರಿಸಿದರೂ ಆ ಗೆರೆ ಕೆಲಸ ಮಾಡುವುದಿಲ್ಲ. ಕೆಲವು ಕಾರುಗಳಲ್ಲಿ ರೇಡಿಯೋದ ಆಂಟೆನಾ ಕೂಡ ಅಲ್ಲೇ ಇರುತ್ತದೆ. ಮಳೆಗಾಲದ ಬೆಳಗ್ಗೆ ದೇವರಾಯನದುರ್ಗ ಹತ್ತಿದವರಿಗೆ ಡಿಫಾಗರ್ ಬೆಲೆ ಗೊತ್ತಿರುತ್ತೆ.

ಹಾಗಾದರೆ ತೆಗೆಯೋದು ಹೇಗೆ? ಬಿಸಿ ಮಾಡಿ. ಬಿಸಿಲಲ್ಲಿ ವರ್ಷಗಟ್ಟಲೆ ನಿಂತು ಪೇಪರಿನ ಬಣ್ಣ ಕೆಟ್ಟು ನೇರಳೆಯಾಗಿದೆ, ಅಂಟು ಹಿಡಿತ ಬಿಟ್ಟಲ್ಲಿ ಗುಳ್ಳೆ ಬಂದಿದೆ. ತಣ್ಣಗಿರುವಾಗ ಎಳೆದರೆ ಚೂರುಚೂರಾಗಿ ಹರಿಯುತ್ತದೆ, ಇಲ್ಲವೇ ಹಾಳೆ ಕೈಗೆ ಬಂದು ಅಂಟು ಗಾಜಿನಲ್ಲೇ ಉಳಿಯುತ್ತದೆ. ಬಿಸಿಯಾದರೆ ಅಂಟು ಮೆತ್ತಗಾಗಿ ಹಾಳೆಯ ಜೊತೆಗೇ ಬರುತ್ತದೆ.

ಬೇಸಿಗೆಯಾದರೆ ಅರ್ಧ ಕೆಲಸ ನಮ್ಮ ಬಿಸಿಲೇ ಮಾಡಿಕೊಡುತ್ತದೆ. ಮಧ್ಯಾಹ್ನ ಗಾಜು ಬಿಸಿಲಿಗೆ ಬರುವಂತೆ ಕಾರು ನಿಲ್ಲಿಸಿ. ಆಮೇಲೆ ಹೇರ್ ಡ್ರೈಯರ್ ಅಥವಾ ಬಟ್ಟೆಯ ಸ್ಟೀಮರ್ ಹಿಡಿದು ಒಂದು ಮೂಲೆ ಬಿಸಿ ಮಾಡಿ, ಉಗುರಿನಿಂದ ಎತ್ತಿ. ಹಾಳೆಯನ್ನು ಹಿಂದಕ್ಕೆ ಮಡಚಿದಂತೆ ಹಿಡಿದು, ಗೆರೆಗಳ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಎಳೆಯುವ ಜಾಗಕ್ಕೆ ಬಿಸಿ ತಾಗುತ್ತಲೇ ಇರಲಿ. ಹರಿದರೆ ಮತ್ತೆ ಬಿಸಿ, ಮತ್ತೆ ಮೂಲೆ. ಬೇಜಾರಿನ ಕೆಲಸ, ಆದರೆ ಅವಸರ ಮಾಡಿದರೆ ಅಂಟು ಉಜ್ಜುವ ಕೆಲಸ ಡಬಲ್ ಆಗುತ್ತದೆ. ಬೇಗ ಆಗಲಿ ಅಂತ ಕುದಿಯುವ ನೀರು ಸುರಿಯಬೇಡಿ, ಗಾಜು ಒಡೆಯಬಹುದು.

ಎಷ್ಟೇ ಜೋಪಾನ ಮಾಡಿದರೂ ಸ್ವಲ್ಪ ಅಂಟು ಉಳಿದೇ ಉಳಿಯುತ್ತದೆ. ಶಾಂಪೂ ಕಲಸಿದ ಉಗುರುಬೆಚ್ಚಗಿನ ನೀರು ಚಿಮುಕಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ನೆನೆಯಲು ಬಿಡಿ. ನಂತರ ಮೆತ್ತನೆ ಬಟ್ಟೆಯಿಂದ ಗೆರೆಯುದ್ದಕ್ಕೂ ಒರೆಸಿ. ಜಗ್ಗದ ಕಡೆ ಐಸೋಪ್ರೊಪೈಲ್ ಆಲ್ಕೋಹಾಲನ್ನು (ಸ್ಯಾನಿಟೈಸರ್‌ಗೆ ಬಳಸುವಂಥ ಸ್ಪಿರಿಟ್) ಬಟ್ಟೆಗೆ ಹಾಕಿ ಉಜ್ಜಿ, ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅಮೋನಿಯಾ ಬಳಸುವ ವಿಡಿಯೋಗಳು ಬೇಕಾದಷ್ಟಿವೆ. ಕಾರಿನಂಥ ಇಕ್ಕಟ್ಟಿನ ಜಾಗದಲ್ಲಿ ಅದರ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ನಾನಂತೂ ಬೇಡ ಅಂತೀನಿ. ಥಿನ್ನರ್ ಕೂಡ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ.

ಪಕ್ಕದ ಕಿಟಕಿಗಳಿಗೂ ಇದೇ ಕ್ರಮ. ಅಲ್ಲಿ ಉಳಿದ ಅಂಟಿಗೆ ಹೊಸ ಬ್ಲೇಡ್ ಹಾಕಬಹುದು, ಗಾಜು ಸೋಪಿನ ನೀರಿನಲ್ಲಿ ಒದ್ದೆಯಾಗಿರಬೇಕು ಅಷ್ಟೆ. ಪವರ್ ವಿಂಡೋ ಸ್ವಿಚ್‌ಗೆ ನೀರು ಇಳಿಯದಂತೆ ಟವೆಲ್ ಹೊದಿಸಿ.

ತೆಗೆದ ಮೇಲೆ ಮತ್ತೆ ಕಪ್ಪು ಪೇಪರ್ ಹಾಕಿಸುವ ಆಸೆ ಬೇಡ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಷೇಧಿಸಿತು. ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದವುಗಳಲ್ಲಿ ಶೇ. 50 ಬೆಳಕು ಹಾಯಬೇಕು.

ಇಷ್ಟೆಲ್ಲ ಯಾರು ಮಾಡ್ತಾರೆ ಅನಿಸಿದರೆ ಬಿ.ಎಚ್. ರಸ್ತೆಯ ಯಾವುದಾದರೂ ಆಕ್ಸೆಸರೀಸ್ ಅಂಗಡಿಗೆ ಕೊಡಿ. ಕೊಡುವ ಮುಂಚೆ ಹಿಂದಿನ ಗಾಜಿಗೆ ಬ್ಲೇಡ್ ಹಾಕ್ತೀರಾ ಅಂತ ಕೇಳಿ. ಅವರೆದುರೇ ಡಿಫಾಗರ್ ಆನ್ ಮಾಡಿ ತೋರಿಸಿ, ಗಾಡಿ ವಾಪಸ್ ತಗೊಳ್ಳುವಾಗ ಇನ್ನೊಮ್ಮೆ ಆನ್ ಮಾಡಿ ನೋಡಿ.