ಮೊದಲ ಪಾಲಿಮರ್ ಸೌರಕೋಶ ಕೆಡುವುದು ಎಲ್ಲಿ

ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು ತುಮಕೂರು ಜಿಲ್ಲೆಯವರಿಗೆ ಹೊಸದಲ್ಲ. ಇವತ್ತಿನ ಸಿಲಿಕಾನ್ ಪ್ಯಾನೆಲ್ಲಿನ ಬಿಲ್ಲೆ 150–180 ಮೈಕ್ರಾನ್ ದಪ್ಪ. ಪ್ರಯೋಗಾಲಯದಲ್ಲಿ ಕೈಯಾರೆ ಮಾಡುವ, ಪ್ಲಾಸ್ಟಿಕ್ ಜಾತಿಯ ಪಾಲಿಮರ್ ಕೋಶದಲ್ಲಿ ಬೆಳಕು ಹೀರುವ ಪದರ ಅದರ ಸಾವಿರದಲ್ಲೊಂದು ಪಾಲು, 100–200 ನ್ಯಾನೋಮೀಟರ್. ಪ್ಯಾನೆಲ್ ಮೇಲೆ ಧೂಳು ಕೂತರೆ ಒರೆಸಿದರಾಯಿತು. ಪಾಲಿಮರ್ ಕೋಶದಲ್ಲಿ ಒಂದು ಮೈಕ್ರಾನಿನ ಕಣ ಪದರದೊಳಗೆ ಸಿಕ್ಕಿಬಿದ್ದರೆ ಅದು ಪದರದ ಐದರಿಂದ ಹತ್ತು ಪಟ್ಟು ಎತ್ತರ. ಮೇಲಿನ ಎಲೆಕ್ಟ್ರೋಡಾದ ಅಲ್ಯೂಮಿನಿಯಂ ಅದರ ಪಕ್ಕದಿಂದ ಇಳಿದು ತಳದ ಪಾರದರ್ಶಕ ಎಲೆಕ್ಟ್ರೋಡಾದ ಐಟಿಓ (ಇಂಡಿಯಂ ಟಿನ್ ಆಕ್ಸೈಡ್) ಮುಟ್ಟುತ್ತದೆ, ಕೋಶ ಶಾರ್ಟ್.

ಇಷ್ಟು ತೆಳುವಾಗಿ ಯಾಕೆ ಬಳಿಯಬೇಕು? ಪಾಲಿಮರಿನಲ್ಲಿ ಬೆಳಕಿನಿಂದ ಹುಟ್ಟುವ ಎಲೆಕ್ಟ್ರಾನ್–ಹೋಲ್ (ಋಣ–ಧನ ಚಾರ್ಜು) ಜೋಡಿ ಸುಮಾರು 10 ನ್ಯಾನೋಮೀಟರ್ ಅಲೆದು ಸತ್ತುಹೋಗುತ್ತದೆ. ಅಷ್ಟರೊಳಗೆ ಅದಕ್ಕೆ ಬೇರ್ಪಡಲು ಎರಡು ವಸ್ತುಗಳ ನಡುವಿನ ಗಡಿ ಸಿಗಬೇಕು. ಅದಕ್ಕೇ ಎಲೆಕ್ಟ್ರಾನ್ ಕೊಡುವ ಪಾಲಿಮರ್ ಪಿ3ಎಚ್‌ಟಿ, ಅದನ್ನು ಪಡೆಯುವ ಪಿಸಿಬಿಎಂ ಅಣು ಎರಡನ್ನೂ ಒಂದೇ ದ್ರಾವಣದಲ್ಲಿ ಬೆರೆಸುವುದು. ಬೇರ್ಪಟ್ಟ ಚಾರ್ಜುಗಳೂ ನಿಧಾನಸ್ಥರು, ದಪ್ಪ ಪದರದಲ್ಲಿ ದಾರಿಯಲ್ಲೇ ಮತ್ತೆ ಕೂಡಿಬಿಡುತ್ತವೆ.

2019ರಲ್ಲಿ ಎಲೆಕ್ಟ್ರಾನ್ ಪಡೆಯುವ ಹೊಸ ಅಣು ವೈ6 ಬಂದ ಮೇಲೆ ದಕ್ಷತೆ ಶೇ 15 ದಾಟಿತು, ಈಗ ಪ್ರಯೋಗಾಲಯಗಳಲ್ಲಿ ಶೇ 20ರ ಆಸುಪಾಸು. ಆದರೂ ಕೈ ಪಳಗಿಸಲು ಹಳೆಯ ಪಿ3ಎಚ್‌ಟಿಯೇ ಸರಿ. ಅದರಲ್ಲಿ ಶೇ 3 ತೆಗೆಯದ ಕೈಗೆ ದುಬಾರಿ ವೈ6 ಕೊಡುವುದು ದುಡ್ಡು ಸುರಿದಂತೆ.

ಐಟಿಓ ಗಾಜನ್ನು ಸೋಪು ನೀರು, ಡಿಅಯಾನೈಸ್ಡ್ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್ ಹೀಗೆ ಒಂದೊಂದರಲ್ಲೂ 10–15 ನಿಮಿಷ ಅಲ್ಟ್ರಾಸೋನಿಕ್‌ನಲ್ಲಿಟ್ಟು, ಆಮೇಲೆ 15–20 ನಿಮಿಷ ಯುವಿ-ಓಝೋನ್‌ಗೆ ಒಡ್ಡಬೇಕು. ಒಂದು ಹನಿ ನೀರು ಬಿಟ್ಟು ನೋಡಿ: ಹರಡಿಕೊಂಡರೆ ಗಾಜು ತಯಾರು, ಕೆಸುವಿನೆಲೆ ಮೇಲಿನ ಹನಿಯಂತೆ ಗುಂಡಗೆ ನಿಂತರೆ ಮೊದಲಿಂದ ತೊಳೆಯಿರಿ.

ಮುಂದಿನದು ಪೆಡಾಟ್-ಪಿಎಸ್ಎಸ್, ನೀರಿನಲ್ಲಿ ತೇಲುವ ವಾಹಕ ಪಾಲಿಮರ್. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹೆಪ್ಪುಗಟ್ಟಿದ ಬಾಟಲಿ ಗಂಟುಗಂಟಾಗಿ ಮತ್ತೆ ಸರಿಹೋಗದು. 0.45 ಮೈಕ್ರಾನ್ ಪಿವಿಡಿಎಫ್ ಫಿಲ್ಟರಿನಲ್ಲಿ ಸೋಸಿ. ನೀರೊಲ್ಲದ ಪಿಟಿಎಫ್ಇ ಫಿಲ್ಟರ್ ಹಾಕಿಕೊಂಡು ಸಿರಿಂಜ್ ಒತ್ತಿ ಒತ್ತಿ ಸಿಡಿಸಿಕೊಳ್ಳುವುದು ಹೊಸಬರಲ್ಲಿ ಮಾಮೂಲು. ದ್ರಾವಣ ಹಾಕಿದ ಗಾಜನ್ನು 5,000 ಆರ್‌ಪಿಎಂನಲ್ಲಿ ಒಂದು ನಿಮಿಷ ತಿರುಗಿಸಿದರೆ 30–40 ನ್ಯಾನೋಮೀಟರ್ ಪದರ. ಅದನ್ನು 140 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿ, ತಡಮಾಡದೆ ತೇವ, ಆಮ್ಲಜನಕ ಹೊರಗಿಟ್ಟ ಗ್ಲವ್‌ಬಾಕ್ಸಿಗೆ ಸೇರಿಸಬೇಕು. ಪಿಎಸ್ಎಸ್ ಆಮ್ಲ, ಮೇಲಾಗಿ ಉಪ್ಪಿನಂತೆ ತೇವ ಎಳೆಯುತ್ತದೆ. ಬೇಸಿಗೆಯಲ್ಲಿ ನಡೆದ ವಿಧಾನವೇ ಮಳೆಗಾಲದ ತುಮಕೂರಿನಲ್ಲಿ ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದ್ದು ಈ ಪದರವನ್ನೇ.

ಇನ್ನು ಬೆಳಕು ಹೀರುವ ಪದರದ ದ್ರಾವಣ: ಕ್ಲೋರೋಬೆಂಜೀನ್ ಮಿಲಿಲೀಟರಿಗೆ ಪಿ3ಎಚ್‌ಟಿ 20 ಮಿಗ್ರಾಂ, ಪಿಸಿಬಿಎಂ 16 ಮಿಗ್ರಾಂ. 50–60 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಬೇಕು. ತಿರುಗಿಸಿದ ಕೂಡಲೇ ಪದರ ಕಿತ್ತಳೆಗೆಂಪು. ಅದನ್ನು ಹಾಟ್‌ಪ್ಲೇಟಿನ ಮೇಲೆ ಇಟ್ಟು ಕಣ್ಣು ಕೀಳದೆ ನೋಡಿ. 140 ಡಿಗ್ರಿಯಲ್ಲಿ ಬಣ್ಣ ನೇರಳೆ ಹಣ್ಣಿನ ಕಡೆಗೆ ವಾಲುತ್ತದೆ. ಪಾಲಿಮರ್ ಸರಪಳಿಗಳು ಒತ್ತಾಗಿ ಸಾಲುಗಟ್ಟಿದ್ದಕ್ಕೆ ಅದೇ ಸಾಕ್ಷಿ. 10 ನಿಮಿಷ ಸಾಕು. ಬಹಳ ಹೊತ್ತು ಬಿಟ್ಟರೆ ಪಿಸಿಬಿಎಂ ಬೇರೆಯಾಗಿ ಹರಳುಗಟ್ಟುತ್ತದೆ, ಆಗ 10 ನ್ಯಾನೋಮೀಟರಿನ ಲೆಕ್ಕವೇ ತಪ್ಪಿಹೋಯಿತು. ಮೇಲೆ 1 ನ್ಯಾನೋಮೀಟರ್ ಲಿಥಿಯಂ ಫ್ಲೋರೈಡ್, 100 ನ್ಯಾನೋಮೀಟರ್ ಅಲ್ಯೂಮಿನಿಯಂ.

ಈಗ ವೋಲ್ಟೇಜಿಗೆ ತಕ್ಕಂತೆ ಕರೆಂಟು ಎಷ್ಟೆಂದು ತೋರಿಸುವ ಕರ್ವ್. ಕತ್ತಲೆಯಲ್ಲಿ ಅಳೆದದ್ದು ಸೊನ್ನೆಯ ಮೂಲಕ ಹಾಯುವ ನೇರ ಗೆರೆಯಾದರೆ ಧೂಳೋ ಸೂಜಿರಂಧ್ರವೋ ಶಾರ್ಟ್ ಮಾಡಿದೆ. ಬೆಳಕಿನಲ್ಲಿ ಅಳೆದಾಗ, ಕೋಶ ವಿದ್ಯುತ್ ಕೊಡುವ ನಾಲ್ಕನೇ ಚತುರ್ಥಾಂಶದಲ್ಲಿ 'ಎಸ್' ಆಕಾರ ಮೂಡಿದರೆ ಎಲೆಕ್ಟ್ರೋಡ್ ಬಳಿ ಚಾರ್ಜಿಗೆ ತಡೆಯಿದೆ. ಆಕ್ಸೈಡ್ ಕಟ್ಟಿದ ಅಲ್ಯೂಮಿನಿಯಂ ಅದಕ್ಕೊಂದು ಕಾರಣ. 0.6 ವೋಲ್ಟ್, ಚದರ ಸೆಂಟಿಮೀಟರಿಗೆ 10 ಮಿಲಿಆಂಪ್, ಫಿಲ್ ಫ್ಯಾಕ್ಟರ್ (ಕರ್ವ್ ಎಷ್ಟು ಚೌಕಾಕಾರ ಎಂಬ ಅಳತೆ) 0.6 ಸಿಕ್ಕರೆ ದಕ್ಷತೆ ಶೇ 3.6, ಒಳ್ಳೆಯ ಕೋಶ.

ಅದಕ್ಕಿಂತ ತುಂಬಾ ಹೆಚ್ಚು ಬಂದರೆ ಸಿಹಿ ಹಂಚುವ ಮುಂಚೆ, ಬೆಳಕು ಬೀಳುವ ಜಾಗಕ್ಕೆ ಮಿತಿ ಹಾಕುವ ಮಾಸ್ಕ್ ನೋಡಿ. ಪೆಡಾಟ್ ಅಡ್ಡಡ್ಡಲಾಗಿಯೂ ವಿದ್ಯುತ್ ಹರಿಸುವುದರಿಂದ ಎಲೆಕ್ಟ್ರೋಡಿನ ಅಂಚಿನಾಚೆಯ ಕರೆಂಟೂ ಬಂದು ಸೇರಬಹುದು. 2 ಮಿಮೀ ಚೌಕವೆಂದು ಲೆಕ್ಕ ಹಾಕಿದ್ದು ನಿಜಕ್ಕೂ 2.2 ಮಿಮೀ ಚೌಕದಷ್ಟು ಬೆಳಕು ಹೀರುತ್ತಿದ್ದರೆ ವಿಸ್ತೀರ್ಣದಲ್ಲಿ ಶೇ 21 ಕಳ್ಳಲೆಕ್ಕ, ಶೇ 3.6 ಕಾಗದದ ಮೇಲೆ 4.4 ಆಗುತ್ತದೆ. ಎಲೆಕ್ಟ್ರೋಡಿಗಿಂತ ಚಿಕ್ಕ ಕಿಂಡಿಯ ಕಪ್ಪು ಲೋಹದ ಮಾಸ್ಕನ್ನು ಗಾಜಿಗೆ ಒತ್ತಿಟ್ಟು, ಕಿಂಡಿಯ ವಿಸ್ತೀರ್ಣವನ್ನು ಮೈಕ್ರೋಸ್ಕೋಪಿನಲ್ಲಿ ಅಳೆದು, ಕರೆಂಟನ್ನು ಅದರಿಂದಲೇ ಭಾಗಿಸಿ.